ಬೆಂಕಿ ಆರಿದ ಮೇಲೆ ಕಟ್ಟಡದಲ್ಲಿ ಎಷ್ಟು ಬಲ ಉಳಿದಿದೆ? ದೋಷ ಪತ್ತೆಗೊಂದು ಕೈಪಿಡಿ

ಬೆಂಕಿ ಆರಿಸಿದ ಮರುದಿನ ಕಟ್ಟಡದ ಮುಂದೆ ಎರಡು ಬಗೆಯ ಮಾತು ಕೇಳಿಬರುತ್ತವೆ. 'ಎಲ್ಲಾ ಕರಕಲಾಗಿದೆ, ಕೆಡವದೆ ದಾರಿಯಿಲ್ಲ' ಎನ್ನುವವರು ಕೆಲವರು. 'ಕಾಂಕ್ರೀಟಿಗೆ ಬೆಂಕಿ ಏನು ಮಾಡೀತು, ತೊಳೆದು ಪ್ಲಾಸ್ಟರ್ ಎಳೆದು ಬಣ್ಣ ಹೊಡೆದರೆ ಆಯ್ತು' ಎನ್ನುವವರು ಇನ್ನು ಕೆಲವರು. ಇಬ್ಬರೂ ಮಸಿ ನೋಡಿಯೇ ಮಾತಾಡುತ್ತಿರುತ್ತಾರೆ. ಮಸಿ ದಪ್ಪಗೆ ಕೂತ ಜಾಗ ಅಷ್ಟಾಗಿ ಕಾದಿರುವುದಿಲ್ಲ. ಮಸಿಯೂ ಸುಟ್ಟುಹೋಗಿ ಮೇಲ್ಮೈ ಬಿಳಿಚಿಕೊಂಡು ಶುಭ್ರವಾಗಿ ಕಾಣುತ್ತದಲ್ಲ, ಶಾಖ ಅತಿ ಹೆಚ್ಚು ಬಡಿದದ್ದು ಅಲ್ಲಿ. ಮನೆಯವರು ಕಪ್ಪಾದ ಗೋಡೆ ತೋರಿಸಿ ಕಂಗಾಲಾಗಿರುತ್ತಾರೆ. ನಿಜಕ್ಕೂ ಚಿಂತೆ ಮಾಡಬೇಕಾದ ಬೀಮು ಪಕ್ಕದಲ್ಲೇ ಬೆಳ್ಳಗೆ ನಿಂತಿರುತ್ತದೆ.

ಶಾಖ ಎಷ್ಟು ಏರಿತ್ತು, ಎಷ್ಟು ಹೊತ್ತು ಇತ್ತು, ಒಳಗೆ ಎಷ್ಟು ಆಳಕ್ಕೆ ಇಳಿಯಿತು? ಕಟ್ಟಡ ಉಳಿಯುತ್ತದೋ ಇಲ್ಲವೋ ಎಂಬುದು ಈ ಮೂರಕ್ಕೆ ಸಿಗುವ ಉತ್ತರದ ಮೇಲೆ ನಿಂತಿದೆ. ಈ ಬರಹ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಆರ್‌ಸಿಸಿ ಮನೆ, ಅಂಗಡಿ, ಗೋದಾಮುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕೊನೆಯ ತೀರ್ಮಾನ ಸ್ಟ್ರಕ್ಚರಲ್ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಿ, ಲೆಕ್ಕ ಹಾಕಿ ಕೊಡಬೇಕಾದದ್ದು. ಆದರೆ ಅವರು ಬರುವ ಮೊದಲೇ ಸಾಕ್ಷ್ಯ ಅಳಿಸಿಹೋಗುವುದೇ ನಮ್ಮಲ್ಲಿ ಹೆಚ್ಚು. ಅದನ್ನು ತಪ್ಪಿಸಲಿಕ್ಕಾದರೂ ಮಾಲೀಕರಿಗೂ ಮೇಸ್ತ್ರಿಗಳಿಗೂ ಇದು ಗೊತ್ತಿರಬೇಕು.

ಒಳಗೆ ಕಾಲಿಡುವ ಮುನ್ನ

ಬೆಂಕಿ ಆರಿತು ಅಂದರೆ ಅಪಾಯ ಕಳೆಯಿತು ಎಂದಲ್ಲ. ಕಾಂಕ್ರೀಟ್ ತಣಿಯುವಾಗಲೂ ಬಲ ಕಳೆದುಕೊಳ್ಳುತ್ತದೆ. ಹಿಗ್ಗಿದ್ದ ಬೀಮು ಕುಗ್ಗುತ್ತಾ ಜೋಡಣೆಗಳನ್ನು ಎಳೆಯುತ್ತದೆ. 2017ರ ಮೇ 31ರಂದು ಚೆನ್ನೈನ ಟಿ. ನಗರದಲ್ಲಿ ಬೆಂಕಿ ಬಿದ್ದ ಏಳಂತಸ್ತಿನ ಜವಳಿ ಮಳಿಗೆ ಗಂಟೆಗಟ್ಟಲೆ ಉರಿದು, ಮರುದಿನ ನಸುಕಿನಲ್ಲಿ ಅದರ ಒಂದು ಭಾಗ ಕುಸಿಯಿತು. ಉಳಿದದ್ದನ್ನು ಆಮೇಲೆ ಕೆಡವಬೇಕಾಯಿತು. ಅದೇ ವರ್ಷ ಜನವರಿ 19ರಂದು ಟೆಹರಾನಿನ ಪ್ಲಾಸ್ಕೊ ಕಟ್ಟಡ ಬೆಂಕಿ ಹೊತ್ತಿದ ಕೆಲವೇ ಗಂಟೆಗಳಲ್ಲಿ, ಒಳಗಿದ್ದ ಅಗ್ನಿಶಾಮಕ ಸಿಬ್ಬಂದಿಯ ಸಮೇತ ನೆಲಕ್ಕೆ ಬಿತ್ತು.

ಆದ್ದರಿಂದ ಮೊದಲು ಹೊರಗಿನಿಂದ ನೋಡಿ. ಮೂಲೆಯ ಕಂಬ ತೂಕದ ಗುಂಡಿಗೆ ಸರಿಯಾಗಿ ನಿಂತಿದೆಯೇ, ಸಜ್ಜಾ ಬಾಗಿದೆಯೇ, ಗೋಡೆ ಹೊರಕ್ಕೆ ಉಬ್ಬಿದೆಯೇ? ಮೆಟ್ಟಿಲನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. ಬೆಂಕಿ ಮೇಲೇರುವುದು ಅಲ್ಲಿಂದಲೇ, ಜನ ಒಳಗೆ ನುಗ್ಗುವುದೂ ಅಲ್ಲಿಂದಲೇ. ಮೆಟ್ಟಿಲಿನ ಅಡಿಭಾಗದ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಯಾರನ್ನೂ ಹತ್ತಲು ಬಿಡಬೇಡಿ.

ಜನ ಗಮನಿಸದ ಇನ್ನೊಂದು ಅಪಾಯ ನೀರಿನ ಭಾರ. ಆರಿಸಲು ಸುರಿದ ನೀರು ಮೇಲಿನ ಮಹಡಿಯಲ್ಲಿ 10 ಸೆಂಟಿಮೀಟರ್ ನಿಂತರೆ ಚದರ ಮೀಟರಿಗೆ 100 ಕೆ.ಜಿ. ಭಾರ ಬೀಳುತ್ತದೆ; ಮನೆಯ ಸ್ಲ್ಯಾಬಿಗೆ ಹಿಡಿಯುವ ಬಳಕೆಯ ಭಾರವೇ ಚದರ ಮೀಟರಿಗೆ ಸುಮಾರು 200 ಕೆ.ಜಿ. ಗೋದಾಮಿನಲ್ಲಿ ಹತ್ತಿ, ಕಾಗದ, ಬಟ್ಟೆ, ಅಕ್ಕಿಮೂಟೆ ಇದ್ದರೆ ಅವು ನೀರು ಕುಡಿದು ತುಂಬಾ ಭಾರವಾಗುತ್ತವೆ, ಉಬ್ಬಿ ಗೋಡೆಯನ್ನೂ ತಳ್ಳುತ್ತವೆ. ನೀರು ಹೊರಹಾಕಿ, ಸರಕು ಇಳಿಸಿ, ಅನುಮಾನವಿರುವ ಬೀಮು ಸ್ಲ್ಯಾಬುಗಳಿಗೆ ಜಾಕಿ ಕೊಡಿಸಿ. ಒಂದನೇ ಮಹಡಿಯ ಸ್ಲ್ಯಾಬಿಗೆ ಕೊಟ್ಟ ಆಧಾರ ನೆಲದವರೆಗೂ ಒಂದೇ ಸಾಲಿನಲ್ಲಿ ಇಳಿದು ಬರಬೇಕು. ಇಲ್ಲದಿದ್ದರೆ ಮೇಲಿನ ಭಾರವನ್ನು ಕೆಳಗಿನ ಸುಟ್ಟ ಸ್ಲ್ಯಾಬಿನ ಮೇಲೆ ಹೊರಿಸಿದಂತಾಗುತ್ತದೆ.

ಪೊಲೀಸ್ ಮಹಜರು, ಅಗ್ನಿಶಾಮಕ ಇಲಾಖೆಯ ವರದಿ, ವಿಮೆಯ ಸರ್ವೇಯರ್ ಭೇಟಿ ಮುಗಿಯುವ ತನಕ ಒಳಗಿನ ಅವಶೇಷ ಬಳಿಯಬೇಡಿ. ಇದು ಬರೀ ಕಾಗದಪತ್ರದ ಮಾತಲ್ಲ. ಆ ಅವಶೇಷದಲ್ಲೇ ಶಾಖದ ಲೆಕ್ಕವಿದೆ.

ಶಾಖದ ನಕ್ಷೆ

ಕೋಣೆ ಕೋಣೆಯ ನೆಲನಕ್ಷೆ ಬರೆದುಕೊಂಡು, ಯಾವ ವಸ್ತು ಎಲ್ಲಿ ಕರಗಿದೆ, ಎಲ್ಲಿ ಕರಗದೆ ಉಳಿದಿದೆ ಎಂದು ಗುರುತು ಹಾಕುತ್ತಾ ಹೋಗಿ. ಕರಗದೆ ಉಳಿದದ್ದೂ ಅಷ್ಟೇ ಮುಖ್ಯ. ಪಾಲಿಥೀನ್ ಚೀಲ 110–130 ಡಿಗ್ರಿಗೇ ಕರಗುತ್ತದೆ (ಇಲ್ಲಿ ಹೇಳುವುದೆಲ್ಲಾ ಸೆಲ್ಸಿಯಸ್). ಗೋಡೆಯ ಬಣ್ಣ ಸುಮಾರು 250ರ ಹೊತ್ತಿಗೆ ಪೂರ್ತಿ ಹಾಳಾಗಿರುತ್ತದೆ. ಸತು 420ಕ್ಕೆ, ಅಲ್ಯೂಮಿನಿಯಂ 600–660ರ ನಡುವೆ ಕರಗುತ್ತದೆ. ಕಿಟಕಿ ಗಾಜು 700–800ಕ್ಕೆ ಮೆತ್ತಗಾಗಿ ಅಂಚು ದುಂಡಗಾಗುತ್ತದೆ. ಹಿತ್ತಾಳೆ 900ರ ಮೇಲೆ, ತಾಮ್ರ 1083ಕ್ಕೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನ ಮೇಲಿನ ಅರ್ಧ ಕರಗಿ, ಕಿಟಕಿ ಕಟ್ಟೆಯ ಮೇಲೆ ಹನಿಹನಿಯಾಗಿ ಗಟ್ಟಿಯಾಗಿದೆ. ಕೆಳಗಿನ ಟ್ರ್ಯಾಕು ಮಾತ್ರ ನೆಟ್ಟಗಿದೆ, ಅದರೊಳಗಿನ ಪ್ಲಾಸ್ಟಿಕ್ ಗಾಲಿಯೂ ಅರ್ಧಂಬರ್ಧ ಉಳಿದಿದೆ. ಗಾಜು ಒಡೆದು ಬಿದ್ದಿದೆ, ಚೂರುಗಳ ಅಂಚು ಇನ್ನೂ ಚೂಪಾಗಿದೆ. ಅಂದರೆ ಕಿಟಕಿಯ ಮೇಲುಭಾಗದಲ್ಲಿ 650 ದಾಟಿತ್ತು, ಕೆಳಗೆ ಅದರ ಕಾಲುಭಾಗವೂ ಇರಲಿಲ್ಲ, ಗಾಜು ಮೊದಲೇ ಸಿಡಿದು ಬಿದ್ದಿತ್ತು. ಹಾಗಾಗಿ ಆ ಕೋಣೆಯಲ್ಲಿ ಸ್ಲ್ಯಾಬಿನ ತಳ, ಬೀಮಿನ ತಳ, ಕಂಬದ ತಲೆ ಇವನ್ನು ಮೊದಲು ನೋಡಬೇಕು. ಬಿಸಿ ಅನಿಲ ಚಾವಣಿಗೆ ಅಂಟಿಕೊಂಡು ನಿಲ್ಲುವುದರಿಂದ ಹೆಚ್ಚಿನ ಕಡೆ ಚಿತ್ರ ಹೀಗೆಯೇ ಇರುತ್ತದೆ.

ತಾಮ್ರದ ವೈರು ಮಣಿಮಣಿಯಾಗಿ ಕರಗಿದೆ ಎಂದ ಕೂಡಲೇ 1083 ಡಿಗ್ರಿ ಎಂದು ಬರೆದುಬಿಡಬೇಡಿ. ಶಾರ್ಟ್ ಸರ್ಕ್ಯೂಟಿನ ಕಿಡಿಯಿಂದಲೂ ಅಷ್ಟೇ ಜಾಗದಲ್ಲಿ ತಾಮ್ರ ಕರಗುತ್ತದೆ. ಅಕ್ಕಪಕ್ಕದ ಎರಡು ಮೂರು ವಸ್ತುಗಳು ಒಂದೇ ಮಾತು ಹೇಳಿದರೆ ನಂಬಿ.

ಕಾಂಕ್ರೀಟ್: ಬಡಿದು ಕೇಳಿ, ಕೊರೆದು ನೋಡಿ

ಮೊದಲ ಪ್ರಶ್ನೆ, ಉದುರಿದ್ದು ಪ್ಲಾಸ್ಟರೋ ಕಾಂಕ್ರೀಟೋ? ಅರ್ಧ ಗಾಬರಿ ಇಲ್ಲೇ ಕಳೆಯುತ್ತದೆ. ಕೆಳಗೆ ಬಿದ್ದ ಚೂರಿನಲ್ಲಿ ಬರೀ ಮರಳು ಸಿಮೆಂಟು ಇದ್ದರೆ ಅದು ಪ್ಲಾಸ್ಟರ್, ಜಲ್ಲಿ ಇದ್ದರೆ ಕಾಂಕ್ರೀಟ್. ಅರ್ಧ ಇಂಚಿನ ಪ್ಲಾಸ್ಟರ್ ಕೂಡ ಬೆಂಕಿಯ ಮೊದಲ ಹೊಡೆತವನ್ನು ತಾನು ತಿಂದು ಒಳಗಿನ ಕಂಬಿಯನ್ನು ಕಾಪಾಡಿರುತ್ತದೆ.

ಕಾಂಕ್ರೀಟೇ ಉದುರಿದ್ದರೆ ಉದುರಿದ ಗಾಯದ ಬಣ್ಣ ನೋಡಿ. ಗಾಯದ ಒಳಗೂ ಮಸಿ ಹಿಡಿದಿದ್ದರೆ ಅದು ಬೆಂಕಿ ಉರಿಯುತ್ತಿರುವಾಗಲೇ ಬಿದ್ದದ್ದು. ಆಮೇಲೆ ಜ್ವಾಲೆ ನೇರ ಕಂಬಿಗೆ ತಾಗಿದೆ. ಗಾಯ ಶುಭ್ರವಾಗಿದ್ದರೆ ನೀರು ಬಿದ್ದಾಗಲೋ ತಣಿಯುವಾಗಲೋ ಉದುರಿದ್ದು, ಕಂಬಿ ಅಷ್ಟು ನರಳಿರುವುದಿಲ್ಲ. ಬಿರುಕಿಗೂ ಇದೇ ಪರೀಕ್ಷೆ. ಬಿರುಕಿನ ಒಳಗೆ ಹಳೇ ಬಣ್ಣ, ಧೂಳು ಸಿಕ್ಕರೆ ಅದು ಬೆಂಕಿಗಿಂತ ಹಳೆಯದು. ಮಸಿ ಸಿಕ್ಕರೆ ಬೆಂಕಿಯ ಹೊತ್ತಿನದು ಅಥವಾ ಅದಕ್ಕೂ ಮೊದಲಿನದು. ಏನೂ ಇಲ್ಲದೆ ಹೊಸದಾಗಿ ಕಂಡರೆ ಆಮೇಲಿನದು. ಸಾಕ್ಷ್ಯ ಇಷ್ಟು ಸೂಕ್ಷ್ಮವಾಗಿರುವುದರಿಂದಲೇ, ಮೇಸ್ತ್ರಿ ಪ್ರೆಷರ್ ಪಂಪಿನಲ್ಲಿ ನೀರು ಹೊಡೆದು ತೊಳೆದ ಕಟ್ಟಡವನ್ನು ಪರೀಕ್ಷಿಸುವುದು ಬಹಳ ಕಷ್ಟ.

ಆಮೇಲೆ ಸುತ್ತಿಗೆ ಹಿಡಿಯಿರಿ. ಅರ್ಧ ಕೆ.ಜಿ. ಸುತ್ತಿಗೆಯಿಂದ ಬೀಮಿನ ತಳವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಡಿಗೊಂದರಂತೆ ಬಡಿಯುತ್ತಾ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಸುತ್ತಿಗೆ ಕೈಗೆ ಪುಟಿಯುತ್ತದೆ. ಪದರ ಬಿಟ್ಟದ್ದು ಡಬ್ ಎನ್ನುತ್ತದೆ, ಪೆಟ್ಟು ಒಳಗೇ ಇಂಗಿಹೋಗುತ್ತದೆ. ಸದ್ದು ಬದಲಾದ ಜಾಗಕ್ಕೆಲ್ಲಾ ಸೀಮೆಸುಣ್ಣದ ಗೆರೆ ಎಳೆದು ಫೋಟೊ ತೆಗೆಯಿರಿ.

ಈಗ ಒಂದು ಜಾಗದಲ್ಲಿ ಉಳಿಯಿಂದ ಕೊರೆಯಬೇಕು. ಬೀಮಿನ ಕೆಳ ಮೂಲೆ ಒಳ್ಳೆಯದು. ಎರಡು ಕಡೆಯಿಂದ ಶಾಖ ಬೀಳುವುದರಿಂದ ಅತಿ ಹೆಚ್ಚು ಕಾದ ಜಾಗ ಅದೇ. ಅಂಗೈಯಗಲ ಜಾಗದಲ್ಲಿ ನಿಧಾನಕ್ಕೆ ಪದರ ಪದರವಾಗಿ ಬಿಡಿಸಿ, ಪ್ರತಿ ಪದರಕ್ಕೂ ಸ್ಕೇಲು ಹಿಡಿಯಿರಿ. ಮೊದಲ 10 ಮಿಲಿಮೀಟರ್ ಬಿಳಿಬೂದು, ಉಗುರಿಗೇ ಪುಡಿಯಾಗುತ್ತದೆ ಎಂದುಕೊಳ್ಳಿ. ಅದರಾಚೆ 15 ಮಿಲಿಮೀಟರ್ ನಸುಗೆಂಪು, ಉಳಿಗೆ ಸುಲಭವಾಗಿ ಬಿಡುತ್ತದೆ. ಅದರಾಚೆ ಮಾಮೂಲಿ ಬೂದುಬಣ್ಣ, ಉಳಿ ಜಾರುತ್ತದೆ, ಬಿಟ್ಟರೂ ಜಲ್ಲಿಯೇ ಸೀಳುತ್ತದೆ. ಈ ಮೂರು ಪದರದಲ್ಲೇ ಶಾಖದ ಕತೆ ಇದೆ. 300 ಡಿಗ್ರಿಯ ತನಕ ಬಣ್ಣ ಬದಲಾಗುವುದಿಲ್ಲ, ಬಲವೂ ಹೆಚ್ಚು ಹೋಗುವುದಿಲ್ಲ. 300ರಿಂದ 600ರ ನಡುವೆ ಮರಳು ಜಲ್ಲಿಯಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. 600 ದಾಟಿದರೆ ಬಿಳಿಬೂದು, 900ರಾಚೆ ಮಾಸಲು ಹಳದಿ. 500–600ರ ಹೊತ್ತಿಗೆ ಕಾಂಕ್ರೀಟಿನ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ತಣಿಯುವಾಗ ಇನ್ನಷ್ಟು ಹೋಗುತ್ತದೆ.

ಆದರೆ ಬಣ್ಣದ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕೆಂಪು ಚೆನ್ನಾಗಿ ಮೂಡುವುದು ಕೆಲವು ಬಗೆಯ ಜಲ್ಲಿಯಲ್ಲಿ ಮಾತ್ರ. ನಮ್ಮ ರಾಜ್ಯದ ಹೆಚ್ಚಿನ ಭಾಗದಲ್ಲಿ ಬಳಸುವ ಗ್ರಾನೈಟ್ ಜಲ್ಲಿಯಲ್ಲಿ ಅದು ಮಸುಕು. ಕೆಂಪು ಕಾಣಲಿಲ್ಲ ಅಂದ ಮಾತ್ರಕ್ಕೆ ಕಾದಿಲ್ಲ ಎಂದು ತೀರ್ಮಾನಿಸಬೇಡಿ. ಬೆಂಕಿ ಮುಟ್ಟದ ಕೋಣೆಯ ಬೀಮಿನಲ್ಲೂ ಒಂದು ಚೂರು ಬಿಡಿಸಿ ಎರಡನ್ನೂ ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಉಳಿಗೆ ಎಷ್ಟು ಬಗ್ಗುತ್ತದೆ ಎಂಬುದನ್ನೂ ಹೋಲಿಸಿ.

ಆಳದ ಅಂದಾಜಿಗೆ ಒಂದು ಲೆಕ್ಕ. ಪ್ರಯೋಗಾಲಯದ ಪ್ರಮಾಣಿತ ಬೆಂಕಿ ಒಂದು ಗಂಟೆಗೆ 945 ಡಿಗ್ರಿ ಮುಟ್ಟುತ್ತದೆ. ಅಂಥ ಬೆಂಕಿಯ ಮೇಲೆ ಒಂದು ಗಂಟೆ ನಿಂತ ಸ್ಲ್ಯಾಬಿನಲ್ಲಿ 20 ಮಿಲಿಮೀಟರ್ ಆಳದಲ್ಲಿ ಸುಮಾರು 500 ಇರುತ್ತದೆ. ಮನೆಯ ಸ್ಲ್ಯಾಬಿನಲ್ಲಿ ಕಂಬಿಯ ಕವರ್, ಅಂದರೆ ಕಂಬಿಯನ್ನು ಮುಚ್ಚಿದ ಕಾಂಕ್ರೀಟ್ ಪದರ, ಸಾಮಾನ್ಯವಾಗಿ ಅಷ್ಟೇ.

ಒಂಬತ್ತು ಇಂಚಿನ ಕಂಬದ ಲೆಕ್ಕ

ನಮ್ಮ ಕಡೆಯ ಮನೆಗಳಿಗೆ ಈ ಲೆಕ್ಕ ಬಲು ಮುಖ್ಯ. ಗೋಡೆಯೊಳಗೆ ಅಡಗಲಿ ಎಂದು 230 ಮಿಲಿಮೀಟರಿನ, ಅಂದರೆ ಒಂಬತ್ತು ಇಂಚಿನ ಕಂಬ ಹಾಕುವುದು ವಾಡಿಕೆ. ಪಾರ್ಕಿಂಗಿನಲ್ಲೋ ಅಂಗಡಿಯ ನಡುವೆಯೋ ಗೋಡೆಯಿಲ್ಲದೆ ಒಂಟಿಯಾಗಿ ನಿಂತ ಅಂಥ ಕಂಬದ ನಾಲ್ಕೂ ಮುಖ ಕಾದು, ಪ್ರತಿ ಕಡೆ 30 ಮಿಲಿಮೀಟರ್ ಕಾಂಕ್ರೀಟ್ ಕೆಲಸಕ್ಕೆ ಬಾರದಂತಾಯಿತು ಎನ್ನಿ. ಉಳಿಯುವುದು 170 ಗುಣಿಸು 170. ಮೂಲ ಕ್ಷೇತ್ರಫಲದಲ್ಲಿ ಸುಮಾರು 55 ಶೇಕಡ. ಅರ್ಧ ಇಂಚೂ ಉದುರದೆ, ನೋಡುವುದಕ್ಕೆ ಇಡಿಯಾಗಿಯೇ ನಿಂತ ಕಂಬ ಒಳಗೆ ಅರ್ಧದಷ್ಟು ಹೋಗಿರುತ್ತದೆ. ಸಾಲದ್ದಕ್ಕೆ ಕಂಬಿಗಳೆಲ್ಲಾ ಇರುವುದು ಆ ಹೊರ ಪದರದ ಅಂಚಿನಲ್ಲೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕಂಬಕ್ಕೆ 40 ಮಿಲಿಮೀಟರ್ ಕವರ್ ಕೇಳುತ್ತದೆ. ಕವರ್ ಬ್ಲಾಕ್ ಇಡದೆ ಕಂಬಿ ಒಂದು ಕಡೆ ವಾಲಿದ ಕಂಬದಲ್ಲಿ ಆ ಬದಿಗೆ 15 ಕೂಡ ಇರುವುದಿಲ್ಲ. ಬೆಂಕಿಯ ದಿನ ಕಂಬ ನಿಲ್ಲುವುದೋ ಬೀಳುವುದೋ ಎಂಬುದು ಆ ಒಂದು ರೂಪಾಯಿಯ ಕೆಲಸದ ಮೇಲೆ ನಿಂತಿರುತ್ತದೆ.

ಕಂಬದಲ್ಲಿ ಎರಡು ರಿಂಗುಗಳ ನಡುವೆ ಉದ್ದ ಕಂಬಿ ಹೊರಕ್ಕೆ ಬಿಲ್ಲಿನಂತೆ ಬಾಗಿದ್ದರೆ ಮುಂದಿನ ಪರೀಕ್ಷೆಗೆ ಕಾಯಬೇಡಿ. ಸುತ್ತಲೂ ಆಧಾರ ಕೊಟ್ಟು ಮೇಲಿನ ಮಹಡಿ ಖಾಲಿ ಮಾಡಿಸಿ.

ಕಂಬಿ ಯಾವ ಕಾಲದ್ದು?

ಕಾಂಕ್ರೀಟಿಗೆ ಹೋದ ಬಲ ಮರಳಿ ಬರುವುದು ಕಡಿಮೆ, ಕಬ್ಬಿಣಕ್ಕೆ ಹಾಗಲ್ಲ. ಬಿಸಿಯಲ್ಲಿ 550 ಡಿಗ್ರಿಯ ಹೊತ್ತಿಗೆ ಅರ್ಧದಷ್ಟು ಬಲ ಕಳೆದುಕೊಂಡ ಮಾಮೂಲಿ ಮೈಲ್ಡ್ ಸ್ಟೀಲ್ ಕಂಬಿ 600 ದಾಟದೆ ತಣಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಆದರೆ ಎಂಬತ್ತು ತೊಂಬತ್ತರ ದಶಕದ ಕಟ್ಟಡಗಳಲ್ಲಿ ತುಂಬಾ ಬಳಸಿದ ಟಾರ್ ಕಂಬಿ, ಅಂದರೆ ತಣ್ಣಗಿರುವಾಗಲೇ ತಿರುಚಿ ಬಲ ತುಂಬಿದ ಕಂಬಿ, 450 ದಾಟಿದರೆ ಆ ತುಂಬಿದ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಮೈಮೇಲಿನ ಗೆರೆಗಳು ಹಗ್ಗದ ಹಾಗೆ ಸುತ್ತಿಕೊಂಡಿದ್ದರೆ ಅದು ಟಾರ್. ಈಗಿನ ಟಿಎಂಟಿ ಕಂಬಿಯ ಬಲ ಇರುವುದು ಹೊರಗಿನ ಗಟ್ಟಿ ಪದರದಲ್ಲಿ; ಸುಮಾರು 500ರ ತನಕ ತಾಳುತ್ತದೆ, 600 ದಾಟಿ ಕಾದರೆ ಆ ಪದರ ಮೆತ್ತಗಾಗುತ್ತದೆ. ಪ್ರೀಸ್ಟ್ರೆಸ್ ಮಾಡಿದ, ಅಂದರೆ ಒಳಗೆ ಉಕ್ಕಿನ ತಂತಿ ಎಳೆದು ಬಿಗಿದ ಬೀಮುಗಳಿಗೆ 300–400 ಡಿಗ್ರಿಯೇ ಆಪತ್ತು. ಅಂಥ ಕಟ್ಟಡದಲ್ಲಿ ಕಣ್ಣಳತೆಯ ತೀರ್ಮಾನ ಮಾಡಲೇಬಾರದು.

ಕಂಬಿಯ ಬಗ್ಗೆ ಊಹೆ ಬೇಡ. ಹೊರೆ ಕಡಿಮೆ ಇರುವ ಜಾಗದಿಂದ, ಆಧಾರ ಕೊಟ್ಟ ಮೇಲೆ, ತುಂಡು ಕತ್ತರಿಸಿ ಲ್ಯಾಬಿನಲ್ಲಿ ಎಳೆದು ನೋಡಿಸಿ. ಬೆಂಕಿ ಮುಟ್ಟದ ಜಾಗದ್ದೂ ಒಂದು ತುಂಡು ಜೊತೆಗೆ ಹೋಗಲಿ.

ಪಿವಿಸಿ ಪೈಪು, ವೈರು, ಫ್ಲೆಕ್ಸ್ ಸುಟ್ಟ ಕಡೆ ಇನ್ನೊಂದು ತೊಂದರೆ ನಿಧಾನಕ್ಕೆ ಬರುತ್ತದೆ. ಪಿವಿಸಿ ಹೊಗೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕಾಂಕ್ರೀಟಿಗೆ ಅಂಟಿ ಕ್ಲೋರೈಡ್ ಒಳಗಿಳಿಯುತ್ತದೆ. ಕಂಬಿ ತುಕ್ಕು ಹಿಡಿದು ಬಿರುಕು ಬಿಡುವ ಹೊತ್ತಿಗೆ ಬೆಂಕಿಯ ನೆನಪೇ ಯಾರಿಗೂ ಇರುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿ, ಕೇಬಲ್ ಡಕ್ಟು, ಸರ್ವರ್ ರೂಮುಗಳಲ್ಲಿ ಕಾಂಕ್ರೀಟ್ ಪುಡಿ ತೆಗೆದು ಕ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು.

ಬೆಂಕಿ ಮುಟ್ಟದ ಕಡೆಯ ಬಿರುಕು

ಬೆಂಕಿ ಬಿದ್ದ ಕೋಣೆಯಲ್ಲೇ ಹುಡುಕಾಟ ಮುಗಿಸಿ ಹೊರಟರೆ ಅರ್ಧ ದೋಷ ಕೈತಪ್ಪುತ್ತದೆ. ಕಬ್ಬಿಣವೂ ಕಾಂಕ್ರೀಟೂ ಹಿಗ್ಗುತ್ತವೆ. 6 ಮೀಟರಿನ ಉಕ್ಕಿನ ಗರ್ಡರ್ 500 ಡಿಗ್ರಿ ಕಾದರೆ 36 ಮಿಲಿಮೀಟರ್ ಉದ್ದವಾಗುತ್ತದೆ. ಕಾಂಕ್ರೀಟ್ ಬೀಮು ಒಳಗೆ ತಣ್ಣಗಿರುವುದರಿಂದ ಅಷ್ಟಾಗುವುದಿಲ್ಲ, ಆದರೆ ಸಾಲಾಗಿ ನಾಲ್ಕೈದು ಅಂಕಣ ಹಿಗ್ಗಿದರೆ ಕೊನೆಯ ಕಂಬಕ್ಕೆ ಎಲ್ಲವೂ ಸೇರಿ ತಳ್ಳು ಬೀಳುತ್ತದೆ. ಹಾಗಾಗಿ ಮಸಿಯೇ ತಾಗದ ತುದಿಯ ಕಂಬದ ತಲೆಯಲ್ಲಿ ಓರೆ ಬಿರುಕು ಕಂಡರೆ, 'ಇದು ಹಳೇದು ಬಿಡಿ ಸಾರ್' ಎಂಬ ಮಾತಿಗೆ ಸುಮ್ಮನಾಗಬೇಡಿ. ಗಿಡ್ಡ ಕಂಬಗಳು, ಲಿಫ್ಟ್ ಗೋಡೆಗಳು, ನೀರಿನ ತೊಟ್ಟಿಯ ಕಂಬಗಳು ಮೊದಲು ಪೆಟ್ಟು ತಿನ್ನುತ್ತವೆ.

ಸ್ಲ್ಯಾಬನ್ನು ಮೇಲಿನಿಂದಲೂ ನೋಡಬೇಕು. ಬೀಮಿನ ಗೆರೆಯುದ್ದಕ್ಕೆ ಒಂದೆರಡು ಟೈಲ್ಸ್ ಎಬ್ಬಿಸಿದರೆ ಅಲ್ಲಿ ಉದ್ದ ಬಿರುಕು ಸಿಗಬಹುದು. ಸ್ಲ್ಯಾಬು ಜೋತಿದೆಯೇ ಎಂದು ಅಳೆಯಲು ಗೋಡೆಯಿಂದ ಗೋಡೆಗೆ ದಾರ ಎಳೆದು ಮಧ್ಯದಲ್ಲಿ ಟೇಪು ಹಿಡಿದರೆ ಸಾಕು. 4 ಮೀಟರ್ ಅಂತರದ ಸ್ಲ್ಯಾಬಿನಲ್ಲಿ 16 ಮಿಲಿಮೀಟರ್ ತನಕ ನಿಯಮ ಒಪ್ಪುತ್ತದೆ. ಸೆಂಟ್ರಿಂಗ್ ಕುಸಿದು ಹುಟ್ಟುವಾಗಲೇ ಜೋತ ಸ್ಲ್ಯಾಬುಗಳೂ ಉಂಟು, ಅದಕ್ಕೇ ಮೇಲಿನ ಮಹಡಿಯ ಅದೇ ಕೋಣೆಯಲ್ಲೂ ಅಳೆದು ಹೋಲಿಸಿ.

ಗ್ಯಾಸ್ ಸಿಲಿಂಡರ್ ಸಿಡಿದಿದ್ದರೆ ಬೇರೆಯೇ ಹುಡುಕಾಟ. ಒತ್ತಡ ಗೋಡೆಯನ್ನು ಹೊರಕ್ಕೆ ತಳ್ಳಿರುತ್ತದೆ, ಸ್ಲ್ಯಾಬನ್ನು ಕ್ಷಣಮಾತ್ರ ಮೇಲಕ್ಕೆತ್ತಿ ಇಳಿಸಿರುತ್ತದೆ. ಗೋಡೆ ಸ್ಲ್ಯಾಬು ಸೇರುವ ಗೆರೆಯನ್ನು ಸುತ್ತಲೂ ನೋಡಿ.

ಗೋಡೆ, ಕಲ್ಲು, ಮರ, ಶೆಡ್ಡು

ಸುಟ್ಟ ಇಟ್ಟಿಗೆ ಗೂಡಿನಲ್ಲೇ ಬೆಂದು ಬಂದದ್ದು, ತಾಳುತ್ತದೆ. ನಡುವಿನ ಗಾರೆ ಪುಡಿಯಾಗಿದೆಯೇ ನೋಡಿ. ಸಾಲಿಡ್ ಬ್ಲಾಕ್ ಗೋಡೆಯನ್ನು ಕಾಂಕ್ರೀಟಿನಂತೆಯೇ ಪರೀಕ್ಷಿಸಬೇಕು. ಗ್ರಾನೈಟ್ ಸೈಜುಗಲ್ಲು, ಚಪ್ಪಡಿಗಲ್ಲಿನ ಚಾವಣಿ ಇರುವ ಹಳೇ ಮನೆಗಳಲ್ಲಿ ಎಚ್ಚರ ಬೇಕು. ಕಲ್ಲಿನೊಳಗಿನ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ತಟ್ಟನೆ ಹಿಗ್ಗುತ್ತದೆ. ಚಪ್ಪಡಿಯಲ್ಲಿ ಕಂಬಿಯಿಲ್ಲ, ಜೋತು ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ.

ಮರದ ತೊಲೆಯ ಹೊರಗಿನ ಇದ್ದಿಲೇ ಒಳಗಿನ ತಿರುಳನ್ನು ಕಾಯುತ್ತದೆ. ಗಟ್ಟಿ ಮರ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರ್ ಸುಡುತ್ತದೆ. ಇದ್ದಿಲು ಕೆರೆದು, ಅದರಾಚೆ ಇನ್ನೊಂದು 7 ಮಿಲಿಮೀಟರ್ ಲೆಕ್ಕದಿಂದ ಬಿಟ್ಟು, ಉಳಿದ ತಿರುಳು ಭಾರ ಹೊರುತ್ತದೆಯೇ ಎಂದು ಎಣಿಸಬೇಕು. ಮರದ ಕಟ್ಟಡ ಹೇಗೆ ಹೋಗುತ್ತದೆಂದು ಮೈಸೂರಿಗೆ ಹೇಳಿಕೊಡಬೇಕಿಲ್ಲ: 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಈಗಿನ ಅರಮನೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಲ್ಲಿ ಎದ್ದಿತು.

ಕಾರ್ಖಾನೆ ಶೆಡ್ಡಿನ ಉಕ್ಕಿಗೆ ಸರಳ ನಿಯಮ ಒಂದಿದೆ: ನೆಟ್ಟಗಿದ್ದರೆ ಬಹುಪಾಲು ಉಳಿಯುತ್ತದೆ, ತಿರುಚಿದ್ದರೆ ಬದಲಿಸಿ. ಹೆಚ್ಚು ಬಲದ ಬಿಗಿ ಬೋಲ್ಟುಗಳನ್ನು ಮಾತ್ರ ನೆಟ್ಟಗಿದ್ದರೂ ಬದಲಿಸಬೇಕು.

ಯಂತ್ರದ ಪರೀಕ್ಷೆಗಳು

ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಪುಟಿತ ಅಳೆಯುವ ಉಪಕರಣ) ಹಿಡಿದು ಬಂದು 'ಎಂ20 ದರ್ಜೆಯ ಬಲ ಇದೆ' ಎಂದು ವರದಿ ಕೊಡುವವರನ್ನು ನಂಬಬೇಡಿ. ಸುಟ್ಟ ಮೇಲ್ಮೈಯಲ್ಲಿ ಅದು ಬಲ ಅಳೆಯುವುದಿಲ್ಲ. ಚೌಕ ಗೆರೆ ಹಾಕಿ ಉದ್ದಕ್ಕೂ ಹೊಡೆದು, ಎಲ್ಲಿ ಅಂಕಿ ಕುಸಿಯುತ್ತದೆ ಎಂಬ ನಕ್ಷೆ ಮಾಡಲು ಅದು ಒಳ್ಳೆಯದು. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲೂ ಅಷ್ಟೇ. ಕಾಂಕ್ರೀಟಿನೊಳಗೆ ಶಬ್ದದ ಅಲೆಯ ವೇಗ ಸೆಕೆಂಡಿಗೆ 3.5 ಕಿ.ಮೀ. ಮೇಲಿದ್ದರೆ ಒಳ್ಳೆಯದು, 3ರ ಕೆಳಗಿದ್ದರೆ ಅನುಮಾನ ಎಂಬ ಅಳತೆ ಉಂಟು. ಬೆಂಕಿ ಮುಟ್ಟದ ಬೀಮಿನ ವೇಗದ ಪಕ್ಕದಲ್ಲಿಟ್ಟರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ನಿಜವಾದ ಉತ್ತರವನ್ನು ಕೋರ್, ಅಂದರೆ ಕಾಂಕ್ರೀಟಿನಿಂದ ಯಂತ್ರದಲ್ಲಿ ಕೊರೆದು ತೆಗೆದ ಉರುಳೆ, ಕೊಡುತ್ತದೆ. ಐಎಸ್ 456ರ ಪ್ರಕಾರ ಮೂರಕ್ಕಿಂತ ಕಡಿಮೆ ಕೋರ್ ಸಾಲದು; ಸರಾಸರಿ ಬಲ ಆ ದರ್ಜೆಯ ಕ್ಯೂಬ್ ಬಲದ (ಕಾಂಕ್ರೀಟಿನ ಘನ ಒಡೆದು ಅಳೆಯುವ ಬಲ) 85 ಶೇಕಡ ಇರಬೇಕು, ಯಾವ ಒಂದೂ 75ಕ್ಕಿಂತ ಕೆಳಗಿಳಿಯಬಾರದು. ಒಡೆಯುವ ಮೊದಲು ಕೋರಿನ ಮೈ ತೊಳೆದು ಬಣ್ಣ, ಸಣ್ಣ ಬಿರುಕುಗಳು ಎಷ್ಟು ಆಳಕ್ಕಿವೆ ಎಂದು ಅಳೆದು ಫೋಟೊ ಇಡಿ. ಒಂಬತ್ತು ಇಂಚಿನ ಕಂಬದಲ್ಲಿ ಕೋರ್ ತೆಗೆಯಲು ಒಪ್ಪಬೇಡಿ, ಇರುವ ಬಲವೂ ಹೋದೀತು. ಬೀಮಿನ ಪಕ್ಕದಿಂದಲೋ ಸ್ಲ್ಯಾಬಿನಿಂದಲೋ ತೆಗೆಯಲಿ.

ಲೆಕ್ಕ ಎರಡೂ ಕಡೆ ವಾಲುವಾಗ ಭಾರ ಹೊರಿಸಿ ನೋಡುವ ಪರೀಕ್ಷೆ ಇದೆ. ಪೂರ್ಣ ಸ್ವಂತ ಭಾರದ ಜೊತೆಗೆ ಬಳಕೆಯ ಭಾರದ ಒಂದೂಕಾಲು ಪಟ್ಟು 24 ಗಂಟೆ ಇಟ್ಟು, ತೆಗೆದ 24 ಗಂಟೆಯಲ್ಲಿ ಬಾಗಿದ್ದರ 75 ಶೇಕಡವಾದರೂ ಸ್ಲ್ಯಾಬು ಮರಳಿ ಏಳಬೇಕು. ಕೆಳಗೆ ಆಧಾರಗಳನ್ನು ತುಸು ಅಂತರ ಬಿಟ್ಟು ನಿಲ್ಲಿಸದೆ ಈ ಪರೀಕ್ಷೆ ಶುರು ಮಾಡಬಾರದು.

ರಿಪೇರಿಯ ಮೊದಲು

ಬೆಂಕಿಯಲ್ಲಿ ಕಾಂಕ್ರೀಟಿನ ಒಳಗೆ ಉಂಟಾದ ಸುಟ್ಟ ಸುಣ್ಣ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ. ಹೀಗಾಗಿ ಮೊದಲ ವಾರ ಗಟ್ಟಿ ಕಂಡ ಮೇಲ್ಮೈ ಕೆಲವು ವಾರಗಳಲ್ಲಿ ಪದರ ಬಿಡುತ್ತದೆ. ಸುತ್ತಿಗೆಯ ಸುತ್ತನ್ನು ತಿಂಗಳ ಮೇಲೆ ಇನ್ನೊಮ್ಮೆ ಮಾಡಿ, ಹಳೇ ಸೀಮೆಸುಣ್ಣದ ಗೆರೆಗಿಂತ ಡಬ್ ಎನ್ನುವ ಜಾಗ ಎಷ್ಟು ಹಿಗ್ಗಿದೆ ನೋಡಿ.

ರಿಪೇರಿಯಲ್ಲಿ ಸುಟ್ಟ ಕಾಂಕ್ರೀಟನ್ನು ಗಟ್ಟಿ ಪದರ ಸಿಗುವ ತನಕ ತೆಗೆಯುವುದು ಮೊದಲ ಕೆಲಸ. ಪುಡಿ ಪದರದ ಮೇಲೆ ಎಪಾಕ್ಸಿ ತುಂಬಿದರೂ ಪ್ಲಾಸ್ಟರ್ ಎಳೆದರೂ ಅದು ದೋಷಕ್ಕೆ ಹಾಕಿದ ಮುಚ್ಚಳ ಅಷ್ಟೇ. ಬಲ ಹೋದ ಕಂಬಿಯ ಪಕ್ಕ ಹೊಸ ಕಂಬಿ ಕಟ್ಟಿ, ಸ್ಲ್ಯಾಬಿನ ತಳಕ್ಕೆ ಗನೈಟಿಂಗ್ (ಒತ್ತಡದಲ್ಲಿ ಸಿಮೆಂಟ್ ಗಾರೆ ಸಿಂಪಡಿಸುವುದು), ಕಂಬಕ್ಕೆ ಸುತ್ತಲೂ ಜಾಕೆಟಿಂಗ್ (ಹೊಸ ಕಂಬಿ ಕಾಂಕ್ರೀಟಿನ ಕವಚ) ಮಾಡುವುದು ಸಾಮಾನ್ಯ ದಾರಿ. ಕಂಬದ ಜಾಕೆಟ್ಟನ್ನು ಮೇಲೆ ಬೀಮಿನ ತಳಕ್ಕೂ ಕೆಳಗೆ ಪಾಯಕ್ಕೂ ಸೇರಿಸದೆ ನಡುವೆ ನಿಲ್ಲಿಸಿದರೆ ಅದು ಭಾರ ಹೊರುವುದಿಲ್ಲ. ಫೈಬರ್ ಬಟ್ಟೆ ಸುತ್ತುವ ವಿಧಾನದಲ್ಲಿ ಅಂಟು ಎಪಾಕ್ಸಿ. ಸ್ವಲ್ಪ ಶಾಖಕ್ಕೇ ಮೆತ್ತಗಾಗುತ್ತದೆ, ಮೇಲೆ ಬೆಂಕಿ ತಡೆಯುವ ಹೊದಿಕೆ ಬೇಕೇ ಬೇಕು.

ಯಾವ ಕಂಬ, ಯಾವ ಬೀಮು, ಎಷ್ಟು ಆಳ ತೆಗೆದು ಏನು ತುಂಬಿದ್ದು ಎಂಬ ನಕ್ಷೆಯನ್ನು ಕೋರ್ ವರದಿ, ಫೋಟೊಗಳ ಸಮೇತ ಮನೆಪತ್ರಗಳ ಜೊತೆಗೆ ಇಡಿ. ಮುಂದೆ ಮೇಲೊಂದು ಮಹಡಿ ಏರಿಸಲು ಹೊರಡುವ ಮಗನೋ, ಕೊಂಡುಕೊಂಡವರೋ ತಮ್ಮ ಎಂಜಿನಿಯರಿಗೆ ಆ ಕಡತವನ್ನೇ ಮೊದಲು ಕೊಡಬೇಕು.